ಹೊಸ್ತಿಲು ದಾಟದ ಬ್ರೋಕರ್

ಚಾಮರಾಜಪೇಟೆಯ ನಮ್ಮ ಬೀದಿಗಳಲ್ಲಿ ಬಾಡಿಗೆ ಮನೆ ತೋರಿಸುತ್ತಿದ್ದವನು ಸತ್ತುಹೋದ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ನನಗೆ ಆ ಅಭ್ಯಾಸವಿಲ್ಲ. ಅವನಲ್ಲಿ ಒಳ್ಳೆಯತನವೂ ಇತ್ತು, ಹೇಡಿತನವೂ ಇತ್ತು. ಎರಡೂ ಒಂದೇ ಜೊತೆ ಚಪ್ಪಲಿಯಲ್ಲಿ ಓಡಾಡುತ್ತಿದ್ದವು. ಅವನ ಹೆಸರು ಬರೆಯುವುದಿಲ್ಲ. ಹೆಂಡತಿ ಬದುಕಿದ್ದಾಳೆ, ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾಳೆ, ಅವಳಿಗೆ ಯಾರ ಕಣ್ಣೂ ಬೀಳುವುದು ಬೇಡ.

ಅವನ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಮನೆ ತೋರಿಸಲು ಹೋದಾಗ ಅವನು ಚಪ್ಪಲಿ ಬಿಟ್ಟು ಒಳಗೆ ಬಂದರೆ ಆ ಮನೆ ವಾಸಕ್ಕೆ ಆಗುತ್ತದೆ ಎಂದು ಅರ್ಥ. ಬೀಗ ತೆಗೆದು, ಬಾಗಿಲು ತಳ್ಳಿ, ಚಪ್ಪಲಿ ಹಾಕಿಕೊಂಡೇ ಹೊಸ್ತಿಲ ಆಚೆ ನಿಂತು "ನೀವು ನೋಡ್ಕೊಂಡ್ ಬನ್ನಿ" ಅಂದರೆ, ನೋಡದೆಯೇ ವಾಪಸ್ ಬರುವುದು ಒಳ್ಳೆಯದು. ಇದನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ನೋಡಿ ನೋಡಿ ಬೀದಿಯವರಿಗೆ ತಾನಾಗಿ ಗೊತ್ತಾಗಿತ್ತು. ಮನೆ ಮಾಲೀಕರಿಗೆ ಮಾತ್ರ ಗೊತ್ತಿರಲಿಲ್ಲ. ಎಷ್ಟು ಮರ್ಯಾದಸ್ಥ, ಕಾಲು ತೊಳೆಯದೆ ಒಳಗೆ ಬರುವುದಿಲ್ಲ ಎಂದು ಅವರು ಹೊಗಳುತ್ತಿದ್ದರು.

ನಾನು ಹೂವು ಕಟ್ಟಿ ಮಾರುವವಳು. ಬೆಳಗಿನ ಜಾವ ಮಾರ್ಕೆಟ್ಟಿನಿಂದ ಬಿಡಿ ಹೂವು ತಂದು ನಮ್ಮ ಮನೆ ಜಗಲಿಯ ಮೇಲೆ ಕೂತು ಕಟ್ಟುತ್ತೇನೆ. ಎರಡು ಮನೆ ತೋರಿಸುವ ನಡುವೆ ಅವನು ಬಂದು ಅಲ್ಲಿ ಕೂರುತ್ತಿದ್ದ. ಕಂಕುಳಲ್ಲಿ ಕೊಡೆ, ಬಾಯಲ್ಲಿ ಲವಂಗ, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಒಂದೊಂದು ಮನೆಯ ಬೀಗದ ಕೈಗೂ ಒಂದೊಂದು ಬಣ್ಣದ ದಾರ. ದಾರದ ತುಂಡುಗಳನ್ನು ನನ್ನ ಬುಟ್ಟಿಯಿಂದಲೇ ಎತ್ತಿಕೊಳ್ಳುತ್ತಿದ್ದ. ಕೇಳಿದರೆ "ನಿಮ್ ದಾರ ಕಟ್ಟಿದ್ರೆ ಮನೆ ಬೇಗ ಹೋಗುತ್ತೆ ಅಕ್ಕ" ಎಂದು ಹಲ್ಲು ಬಿಡುತ್ತಿದ್ದ.

ಅವನಿಗೆ ಮನೆ ವಿಷಯದಲ್ಲಿ ಮೂಗು ಚುರುಕು. ಬಾಗಿಲು ತೆಗೆದ ಕೂಡಲೇ ಮೂಗು ಅರಳಿಸಿ ಒಂದು ಉಸಿರು ಎಳೆಯುತ್ತಿದ್ದ, ಅಷ್ಟೇ. ಗೋಡೆಯ ಬಣ್ಣ, ನೆಲದ ಹೊಳಪು ಇವಕ್ಕೆಲ್ಲ ಬೆಲೆ ಕೊಡುತ್ತಿರಲಿಲ್ಲ. "ಬಾಡಿಗೆ ಮನೆ ಅಂದ್ರೆ ಬೇರೆಯೋರ ಚಪ್ಪಲಿ ಅಕ್ಕ. ಕಚ್ಚುತ್ತೋ ಇಲ್ವೋ ನಾಲ್ಕು ದಿನ ನಡೆದ್ ಮೇಲೇ ಗೊತ್ತಾಗೋದು" ಅನ್ನುತ್ತಿದ್ದ. ಮಲ್ಲೇಶ್ವರದಲ್ಲಿ ಒಂದು ಹಳೆಯ ಹೆಂಚಿನ ಮನೆ ತೋರಿಸಲು ಹೋದವನು ಒಳಗೆ ಹೋಗಿ ಕಂಬಕ್ಕೆ ಒರಗಿ ನಿದ್ದೆಯನ್ನೇ ಮಾಡಿಬಿಟ್ಟನಂತೆ. ಮನೆ ನೋಡಲು ಬಂದಿದ್ದ ಮೇಷ್ಟ್ರು ಅಡುಗೆಮನೆಯನ್ನೂ ನೋಡದೆ ಅಡ್ವಾನ್ಸ್ ಕೊಟ್ಟರು. ಇವತ್ತಿಗೂ ಅಲ್ಲೇ ಇದ್ದಾರೆ. ಹನುಮಂತನಗರದಲ್ಲಿ ಗೃಹಪ್ರವೇಶದ ತೋರಣ ಇನ್ನೂ ಒಣಗದ ಹೊಸ ಮನೆಯ ಮುಂದೆ ಇವನು ಚಪ್ಪಲಿ ಬಿಡದೆ ನಿಂತದ್ದನ್ನು ಕಂಡು ಬ್ಯಾಂಕಿನ ಗುಮಾಸ್ತೆಯೊಬ್ಬರು ಗೇಟಿನಿಂದಲೇ ತಿರುಗಿ ಹೋದರು. ಮುಂದಿನ ಮಳೆಗೆ ಆ ಮನೆಯ ಹಿಂದಿನ ಗೋಡೆ ಬಿತ್ತು.

ಇಷ್ಟು ಚೆನ್ನಾಗಿ ತಿಳಿದವನು ಬಾಯಿಬಿಟ್ಟು ಹೇಳಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕೇಳಿದ್ದು ಪಕ್ಕದ ಮನೆಯ ಸಾವಿನ ದಿನ.

ನಮ್ಮ ಗೋಡೆಗೆ ಗೋಡೆ ತಾಗಿಕೊಂಡು ಒಂದು ಮಾಳಿಗೆ ಮನೆ ಇದೆ. ಕೆಳಗೆ ಮಾಲೀಕ, ಮೇಲೆ ಬಾಡಿಗೆಯವರು. ಮೇಲಿನ ಮನೆಯ ಬಚ್ಚಲು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟ ಕೂಡಲೇ, ಮುಂಬಾಗಿಲ ಪಕ್ಕದಲ್ಲೇ ಇದೆ. ನೈಋತ್ಯ ಮೂಲೆ. ಮೊದಲು ಆ ಬಚ್ಚಲಿಗೆ ಎತ್ತರದಲ್ಲಿ ಒಂದು ಗವಾಕ್ಷಿ ಇತ್ತು, ಗಾಳಿ ಆಡುತ್ತಿತ್ತು. ಮಾಲೀಕನಿಗೆ ಎದೆ ಆಪರೇಷನ್ ಆದಮೇಲೆ ಯಾರೋ ವಾಸ್ತು ಹೇಳುವವನು ಬಂದು, ನೈಋತ್ಯದಲ್ಲಿ ಬಾಯಿ ತೆರೆದಿದ್ದರೆ ಯಜಮಾನನ ಆಯುಷ್ಯ ಅದರಿಂದಲೇ ಸೋರಿಹೋಗುತ್ತದೆ ಅಂದನಂತೆ. ಮಾರನೆಯ ದಿನವೇ ಗಾರೆಯವನು ಬಂದು ಸಿಮೆಂಟ್ ಶೀಟು ಇಟ್ಟು ಅದನ್ನು ಮುಚ್ಚಿದ. ಕರೆಂಟಿನ ಬಿಲ್ಲು ಉಳಿಯಲಿ ಎಂದು ಒಳಗೆ ಹಾಕಿಸಿದ್ದು ಗ್ಯಾಸ್ ಗೀಸರು.

ಆಮೇಲೆ ಆ ಮನೆಗೆ ಬಂದದ್ದು ದಾವಣಗೆರೆ ಕಡೆಯ ಹೊಸ ದಂಪತಿ. ಹುಡುಗಿಯ ಕೈಯಲ್ಲಿ ಮದುವೆಯ ಹಸಿರು ಬಳೆ ಹಾಗೇ ಇದ್ದವು. ಬ್ರೋಕರ್ ಅವರಿಗೆ ಮನೆ ತೋರಿಸಿದ ದಿನ ನಾನು ಜಗಲಿಯಿಂದ ನೋಡುತ್ತಿದ್ದೆ. ಅವನು ಚಪ್ಪಲಿ ಬಿಡಲಿಲ್ಲ. ಪರವೂರಿನವರಿಗೆ ಅದು ಹೇಗೆ ಗೊತ್ತಾಗಬೇಕು. ಬಂದರು, ಹಾಲು ಉಕ್ಕಿಸಿದರು, ಇದ್ದರು. ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ತಲೆಗೆ ಎರೆದುಕೊಳ್ಳಲು ಹೋದ ಹುಡುಗಿ ಹೊರಗೆ ಬರಲಿಲ್ಲ. ಬಾಗಿಲು ಒಡೆದು ಎತ್ತಿ ತಂದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಕೆನ್ನೆ ಮಾತ್ರ ಕೆಂಪಗೆ, ಆಗ ತಾನೇ ನಾಚಿಕೊಂಡವಳ ಹಾಗೆ.

ಫಿಟ್ಸ್ ಇತ್ತಂತೆ ಎಂದು ಮಾಲೀಕ ಬೀದಿಗೆಲ್ಲ ಹೇಳಿದ. ನಾನು ನಂಬಲಿಲ್ಲ. ಆ ಕೆನ್ನೆಯ ಬಣ್ಣದ ಬಗ್ಗೆ ನಮ್ಮಜ್ಜಿ ಹೇಳುತ್ತಿದ್ದಳು. ನನ್ನ ಮೊದಲ ಬಾಣಂತನದಲ್ಲಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವಾಗ, ಎಷ್ಟೇ ಚಳಿ ಇದ್ದರೂ ಅವಳು ಬಾಗಿಲನ್ನು ಒಂದು ಗೇಣು ತೆರೆದೇ ಇಡುತ್ತಿದ್ದಳು. ಕಣ್ಣಿಗೆ ಕಾಣುವ ಹೊಗೆಗೆ ಹೆದರಬೇಡ ಕಣೆ, ಕಾಣದೆ ಇರುವುದೇ ಎಳೆದುಕೊಂಡು ಹೋಗುವುದು, ಎಂದು ಹೇಳಿಕೊಟ್ಟಿದ್ದಳು. ಬೆಂಕಿ ಕೆಂಡದ್ದಾದರೇನು, ಗ್ಯಾಸಿನದ್ದಾದರೇನು. ಮುಚ್ಚಿದ ಕೋಣೆಯಲ್ಲಿ ಅದಕ್ಕೂ ಗಾಳಿ ಬೇಕು, ನಮಗೂ ಬೇಕು. ಅದೇ ಗೆಲ್ಲುತ್ತದೆ. ನಾನು ಇದನ್ನು ಮಾಲೀಕನ ಮುಖಕ್ಕೇ ಹೇಳಿದೆ. ನೀವು ಹೂವು ಕಟ್ಟಿ ಅಂದ.

ಆ ದಿನ ಸಂಜೆ ಬ್ರೋಕರ್ ಬಂದು ಜಗಲಿಯ ತುದಿಯಲ್ಲಿ ಕೂತ. ಲವಂಗ ಬಾಯಿಗೆ ಹಾಕಿಕೊಳ್ಳಲಿಲ್ಲ.

"ನಾನ್ ಒಳಗೆ ಹೋಗ್ಲಿಲ್ಲ ಅಕ್ಕ. ನೀವೇ ನೋಡಿದ್ರಲ್ಲ" ಅಂದ.

"ನಿನ್ನ ಚಪ್ಪಲಿ ಪುರಾಣ ದಾವಣಗೆರೇಲಿ ಓದ್ತಾರೇನಯ್ಯ? ಬಾಯಿ ಇರ್ಲಿಲ್ವ ನಿಂಗೆ?"

"ಬಾಯಿ ಇದೆ. ಬಾಯಿ ಬಿಟ್ರೆ ಇದು ಇರಲ್ಲ" ಎಂದು ಸೊಂಟದ ಗೊಂಚಲನ್ನು ಮುಟ್ಟಿ ತೋರಿಸಿದ.

ಅದು ನಿಜವೂ ಹೌದು. ಒಬ್ಬ ಮಾಲೀಕನ ಮನೆ ಕೆಟ್ಟದು ಎಂದು ಇವನು ಹೇಳಿದರೆ ಉಳಿದವರೂ ಬೀಗದ ಕೈ ಕಿತ್ತುಕೊಳ್ಳುತ್ತಾರೆ. ಶ್ರೀರಾಂಪುರದ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಇವನ ಸಂಸಾರ. ಅದಕ್ಕೇ ಸನ್ನೆ ಮಾಡಿ ಕೈತೊಳೆದುಕೊಳ್ಳುವುದನ್ನು ಕಲಿತಿದ್ದ. ತಿಳಿದವನು ತಿಳಿದುಕೊಳ್ಳಲಿ, ತಿಳಿಯದವನ ಹಣೆಬರಹ. ಅವತ್ತು ಅವನಿಗೆ ಕಾಫಿ ಕೊಡದೆ ಕಳಿಸಿದೆ.

ಆ ಮನೆ ಬಹಳ ಕಾಲ ಖಾಲಿ ಬಿತ್ತು. ಸುತ್ತಮುತ್ತಲಿನವರು ಯಾರೂ ಹತ್ತಿರ ಸುಳಿಯಲಿಲ್ಲ. ಗೇಟಿನಲ್ಲಿ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಂಡಿತು. ಆಗ ಬಂದವಳು ಆ ಹೊರದೇಶದ ಹೆಂಗಸು.

ಅವಳು ಇಥಿಯೋಪಿಯಾ ದೇಶದವಳು. ಮಾರ್ಕೆಟ್ಟಿನ ಹತ್ತಿರದ ಒಂದು ಆಸ್ಪತ್ರೆಗೆ ಮೇಲಿನ ತರಬೇತಿಗೆಂದು ಬಂದಿದ್ದ ನರ್ಸು. ಜೊತೆಗೆ ಏಳೆಂಟು ವರ್ಷದ ಮಗಳು. ಆಸ್ಪತ್ರೆಯವರು ಕೊಟ್ಟ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ, ಆಷಾಢ ಮುಗಿಯುವುದರೊಳಗೆ ಜಾಗ ನೋಡಿಕೊಳ್ಳಬೇಕು ಎಂದು ಹೇಳಿದ್ದರು. ಮನೆ ಸಿಗದಿದ್ದರೆ ಮಗುವನ್ನು ವಾಪಸ್ ಕಳಿಸಬೇಕು. ಅಲ್ಲಿ ನೋಡಿಕೊಳ್ಳಲು ಯಾರೂ ಇಲ್ಲವಂತೆ.

ಬ್ರೋಕರ್ ಅವಳನ್ನು ಬಸವನಗುಡಿ, ಮಲ್ಲೇಶ್ವರ ಎಲ್ಲ ಸುತ್ತಿಸಿದ. ಫೋನಿನಲ್ಲಿ ಬನ್ನಿ ಅಂದವರು ಅವಳ ಮುಖ ಕಂಡ ಕೂಡಲೇ ಮನೆ ಹೋಗಿಬಿಟ್ಟಿತು ಅನ್ನುತ್ತಿದ್ದರು. ಒಬ್ಬರ ಮನೆಗೆ ಅಳಿಯ ಬರುವವನಿದ್ದ, ಇನ್ನೊಬ್ಬರಿಗೆ ಇದ್ದಕ್ಕಿದ್ದ ಹಾಗೆ ಸುಣ್ಣ ಹೊಡೆಸುವುದಿತ್ತು. ಒಂದು ಕಡೆ ಮುದುಕಿ, ಮಾಂಸ ತಿನ್ನುತ್ತೀಯಾ ಎಂದು ಬ್ರೋಕರ್ ಮೂಲಕ ಕೇಳಿಸಿದಳು. ಬುಧವಾರ, ಶುಕ್ರವಾರ ತಿನ್ನುವುದಿಲ್ಲ, ನಮ್ಮ ಉಪವಾಸದ ತಿಂಗಳುಗಳಲ್ಲಿ ಹಾಲು ಮೊಸರನ್ನೂ ಮುಟ್ಟುವುದಿಲ್ಲ, ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬ್ರೋಕರ್ ಅದನ್ನೇ ಹಿಗ್ಗಿಸಿ, ನಮ್ಮ ನಿಮ್ಮ ಹಾಗಲ್ಲ ಅಮ್ಮ, ಭಾರಿ ನೇಮದವರು, ಎಂದು ವರ್ಣಿಸಿದ. ಮುದುಕಿ ಎಲ್ಲ ಕೇಳಿ, ಮಿಕ್ಕ ದಿನದ ಕಥೆ ಏನು ಎಂದು ಬಾಗಿಲು ಹಾಕಿಕೊಂಡಳು. ಇದನ್ನು ಅವನು ನನಗೆ ನಗುತ್ತಲೇ ಹೇಳಿದ. ಅವಳಿಗೆ ನಗು ಬಂದಿರಲಾರದು.

ಹೀಗೆ ಊರೆಲ್ಲ ಬೇಡ ಅಂದ ಹೆಂಗಸನ್ನು ಪಕ್ಕದ ಮನೆಯವನು ಒಂದೇ ಮಾತಿಗೆ ಒಪ್ಪಿಕೊಂಡ. ಅಲ್ಲೇ ನನಗೆ ಅನುಮಾನ ಬಂತು. ಹಿಂದೆ ಬಂದವರಿಗೆಲ್ಲ ಜಾತಿ ಕೇಳಿದ್ದವನು ಇವಳಿಗೆ ಏನನ್ನೂ ಕೇಳಲಿಲ್ಲ. ಅಡ್ವಾನ್ಸ್ ಅರ್ಧಕ್ಕೆ ಇಳಿಸಿದ. ಮನೆ ಬಿಡುವಾಗ ಬಣ್ಣದ ದುಡ್ಡು ಹಿಡಿದುಕೊಳ್ಳುವ ಮಾತನ್ನೂ ಎತ್ತಲಿಲ್ಲ. ಅವಳೇ ಒಂದು ಕರಾರು ಹಾಕಿದಳು: ಭಾನುವಾರ ನಾನು ಕೆಂಡದ ಮೇಲೆ ಕಾಫಿ ಬೀಜ ಹುರಿಯುತ್ತೇನೆ, ವಾಸನೆ ಬರುತ್ತದೆ, ಆಮೇಲೆ ಬೇಡ ಅನ್ನಬಾರದು. ಚಾಮರಾಜಪೇಟೆಯಲ್ಲಿ ಕಾಫಿ ವಾಸನೆ ಬೇಡ ಅನ್ನುವವರು ಯಾರು. ಅದಕ್ಕೂ ಒಪ್ಪಿದ. ಇಷ್ಟು ಸಲೀಸಾಗಿ ಸಿಕ್ಕ ಬಾಡಿಗೆ ಮನೆಯನ್ನು ನಾನು ಜನ್ಮದಲ್ಲಿ ನೋಡಿಲ್ಲ.

ಮನೆ ತೋರಿಸಿದ ದಿನ ಬ್ರೋಕರ್ ಹೊಸ್ತಿಲ ಆಚೆ ಮೆಟ್ಟಿಲ ತಲೆಯಲ್ಲೇ ನಿಂತ. ಕಾಲಲ್ಲಿ ಚಪ್ಪಲಿ. ತಾಯಿ ಮಗಳು ಒಳಗೆ ಓಡಾಡಿದರು, ಕಿಟಕಿ ತೆಗೆದು ಮುಚ್ಚಿ ಮಾಡಿದರು. ಮಗು ಬಚ್ಚಲಲ್ಲಿ ನಿಂತು ತನ್ನ ದನಿ ಹೇಗೆ ಮೊಳಗುತ್ತದೆ ಎಂದು ಕೂಗಿ ನೋಡಿತು. ಹೊರಗೆ ಬಂದು ಆ ಹೆಂಗಸು ತಾನು ಕಲಿತಿದ್ದ ನಾಲ್ಕು ಕನ್ನಡ ಮಾತಿನಲ್ಲಿ ಎರಡನ್ನು ತೆಗೆದು ಅವನನ್ನೇ ಕೇಳಿದಳು.

"ಮನೆ ಚೆನ್ನಾಗಿದೆ?"

ಅವನು ಕೊಡೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. "ಫಸ್ಟ್ ಕ್ಲಾಸ್ ಮೇಡಂ" ಅಂದ.

ಅವನು ಒಳಗೆ ಬರದೆ ನಿಂತದ್ದು ಅವಳಿಗೂ ಕಂಡಿತ್ತು. ಕನ್ನಡ ಕಲಿತಮೇಲೆ ಒಮ್ಮೆ ನನಗೆ ಹೇಳಿದಳು. ಹೆಂಗಸರು ಒಳಗಿರುವಾಗ ಗಂಡಸು ಹೊರಗೆ ನಿಲ್ಲುವುದು ನಮ್ಮ ದೇಶದಲ್ಲಿ ಮರ್ಯಾದೆ, ಈ ಮನುಷ್ಯನನ್ನು ನಂಬಬಹುದು ಎಂದು ನನಗೆ ಅನ್ನಿಸಿದ್ದೇ ಆಗ, ಅಂದಳು.

ಮೆಟ್ಟಿಲಿಳಿದು ಬಂದಾಗ ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಬಚ್ಚಲ ವಿಷಯ, ಸತ್ತ ಹುಡುಗಿಯ ವಿಷಯ ಎಲ್ಲ ಈಗಲೇ ನನ್ನ ಮುಂದೆ ಇವಳಿಗೆ ಹೇಳು ಅಂದೆ. ಅವನು ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು ಏನೋ ಹೇಳಿದ. ಅವಳು ನನಗೆ ಕೈ ಮುಗಿದು ನಕ್ಕಳು. ಸಾವಿನ ಸುದ್ದಿ ಕೇಳಿದವರು ಹಾಗೆ ನಗುವುದಿಲ್ಲ. ಅವಳು ಅತ್ತ ಹೋದಮೇಲೆ ಏನು ಹೇಳಿದೆಯೋ ಎಂದು ಕೇಳಿದೆ.

"ನೀರು ಜಾಸ್ತಿ ಬಿಸಿ ಬರುತ್ತೆ, ಹುಷಾರಾಗಿ ಸ್ನಾನ ಮಾಡಿ ಅಂತ ಈ ಅಮ್ಮ ಹೇಳ್ತಿದಾರೆ ಅಂದೆ ಅಕ್ಕ."

ನಾನು ಉಗಿಯಲಿಲ್ಲ ಅಷ್ಟೆ. ಮಾರನೆಯ ದಿನ ಮನೆ ಗುಡಿಸಲು ಬಂದ ಅವಳ ಮುಂದೆ ನಾನೇ ಕೈಬಾಯಿ ತಿರುಗಿಸಿ ನೋಡಿದೆ. ಬಚ್ಚಲ ಕಡೆ ತೋರಿಸಿ, ಮೂಗು ಹಿಡಿದು, ಕಣ್ಣು ಮುಚ್ಚಿ ತಲೆ ವಾಲಿಸಿದೆ. ವಾಸನೆಯ ಬಗ್ಗೆ ಹೇಳುತ್ತಿದ್ದೇನೆ ಎಂದುಕೊಂಡು ಅವಳು ಫಿನಾಯಿಲ್ ತಂದು ತೊಳೆದಳು. ಮಾಲೀಕನ ಹತ್ತಿರ ಹೋಗಿ, ಆ ಶೀಟು ತೆಗೆಸಿ, ಮಗು ಇರುವ ಮನೆ ಎಂದು ಕೇಳಿಕೊಂಡೆ. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ, "ಅದನ್ನ ತೆಗೆದ್ರೆ ನಾನ್ ಇರ್ತೀನೇನ್ರಮ್ಮಾ?" ತಮಾಷೆಗೆ ಹೇಳಿದ್ದಲ್ಲ. ನಿಜವಾಗಿ ನಂಬಿದ್ದ. ನಂಬಿದವನ ಹತ್ತಿರ ಏನು ವಾದ ಮಾಡುವುದು.

ಶ್ರಾವಣದ ಮೊದಲ ಶುಕ್ರವಾರ ಅವರು ಒಕ್ಕಲು ಬಂದರು. ಬಾಡಿಗೆ ಮನೆಯಾದರೂ ಹಾಲು ಉಕ್ಕಿಸಿಯೇ ಕಾಲಿಡಬೇಕು ಎಂದು ಮಾಲೀಕ ಹೇಳಿದ್ದ. ಮನೆಮಂದಿಯೆಲ್ಲ ತಲೆಗೆ ಸ್ನಾನ ಮಾಡಬೇಕು, ಹಾಲು ಪೂರ್ವಕ್ಕೆ ಉಕ್ಕಬೇಕು, ಉಕ್ಕುವ ತನಕ ಯಾರೂ ಮಾತಾಡಬಾರದು, ಹೀಗೆ ಕಟ್ಟಳೆ. ಪಾಪ, ಮನೆ ಸಿಕ್ಕ ಸಂತೋಷದಲ್ಲಿ ಅವಳು ಎಲ್ಲದಕ್ಕೂ ತಲೆ ಆಡಿಸಿದಳು. ತಾನು ಬೆಳಿಗ್ಗೆಯೇ ಹಾಸ್ಟೆಲಿನಲ್ಲಿ ಸ್ನಾನ ಮುಗಿಸಿಕೊಂಡು ಬಂದಿದ್ದಳು. ಮಗುವಿನದ್ದು ಆಗಿರಲಿಲ್ಲ.

ನಾನು ಮಲ್ಲಿಗೆ ತೆಗೆದುಕೊಂಡು ಮೇಲೆ ಹೋದಾಗ ಮಗು ಕಾಣಲಿಲ್ಲ. ಕೆಳಗೆ ಸಾಮಾನಿನ ಆಟೋ ಹತ್ತಿರ ಇದೆ ಎಂದುಕೊಂಡೆ. ಬ್ರೋಕರ್ ಎಂದಿನ ಜಾಗದಲ್ಲಿ, ಹೊಸ್ತಿಲ ಆಚೆ ನಿಂತಿದ್ದ. ಕಮಿಷನ್ನಿಗೆ ಬಂದಿದ್ದೀಯಾ ಎಂದು ಚುಚ್ಚಿದೆ. ಅವನ ಕಿವಿ ಬೇರೆಲ್ಲೋ ಇತ್ತು. ನಾನು ಅವನನ್ನು ಸರಿಸಿಕೊಂಡು ಅಡುಗೆಮನೆಗೆ ಹೋದೆ.

ಒಲೆಯ ಮೇಲೆ ಹಾಲು. ಮಾಲೀಕ ಪೂರ್ವದ ಕಡೆ ಕೈ ತೋರಿಸಿ ನಿಂತಿದ್ದ, ಅವಳು ಸೆರಗಿಲ್ಲದ ತಲೆಗೆ ಬಿಳಿ ಶಾಲು ಹೊದ್ದು ಪಾತ್ರೆಯನ್ನೇ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ಹಾಲಿನ ಮೇಲೆ ಕೆನೆ ನಡುಗಿತು, ಅಂಚಿನಲ್ಲಿ ಗುಳ್ಳೆ ಎದ್ದಿತು. ಎಲ್ಲೋ ಗುಂಯ್ ಎಂದು ಒಂದು ಸದ್ದು. ಅದು ಯಾವ ಸದ್ದು ಎಂದು ನನಗೆ ಹೊಳೆಯುವ ಮೊದಲೇ ಒಳಗೆ ಚಪ್ಪಲಿ ಓಡಿದ ಸದ್ದಾಯಿತು.

ಮಾಲೀಕ ತಿರುಗಿ ನೋಡಿ, "ರೀ, ಚಪ್ಪಲಿ" ಅಂದ. ಅವನಿಗೆ ಕಂಡದ್ದು ಅಷ್ಟೇ.

ಬ್ರೋಕರ್ ಬಚ್ಚಲ ಬಾಗಿಲಿಗೆ ಭುಜ ಕೊಟ್ಟು ಗುದ್ದುತ್ತಿದ್ದ. ಮಗು ಒಳಗೆ ಹೋಗುವಾಗ ಅವನಿಗೆ ಟಾಟಾ ಮಾಡಿತ್ತಂತೆ. ಒಳಗೆ ತನ್ನ ಭಾಷೆಯಲ್ಲಿ ಏನೋ ಹಾಡು ಹೇಳುತ್ತಿತ್ತಂತೆ. ನಾವೆಲ್ಲ ಹಾಲು ನೋಡುವಾಗ ಅವನು ಹೊಸ್ತಿಲಲ್ಲಿ ನಿಂತು ಆ ಹಾಡು ಕೇಳುತ್ತಿದ್ದ. ಹಾಡು ನಡುವೆಯೇ ನಿಂತಿತು. ನೀರು ಬೀಳುವುದು ನಿಲ್ಲಲಿಲ್ಲ.

ಚಿಲಕ ಕಿತ್ತು ಬಂತು. ಮಗು ನೆಲದ ಮೇಲೆ ಮಲಗಿತ್ತು, ಯಾರೋ ಜೋಗುಳ ಹಾಡಿ ಮಲಗಿಸಿದ ಹಾಗೆ. ಗೋಡೆಯ ಮೇಲೆ ಗೀಸರಿನ ನೀಲಿ ಬೆಂಕಿ ಸಾಧುವಾಗಿ ಉರಿಯುತ್ತಿತ್ತು. ಅವನು ಮಗುವನ್ನು ಬಾಚಿಕೊಂಡು ಮೆಟ್ಟಿಲ ತಲೆಗೆ, ಗಾಳಿಗೆ ತಂದ. ತಾಯಿ ಕೂಗಲಿಲ್ಲ, ಅಳಲಿಲ್ಲ. ಮಗುವನ್ನು ಕಿತ್ತುಕೊಂಡು ನೆಲದ ಮೇಲೆ ಮಲಗಿಸಿ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟಳು. ಆ ಹೊತ್ತು ಎಷ್ಟು ಉದ್ದವಿತ್ತು ಎಂದು ನಾನು ಹೇಳಲಾರೆ. ಕೊನೆಗೆ ಮಗು ವಾಂತಿ ಮಾಡಿತು. ಆಮೇಲೆ ಅತ್ತಿತು. ಮಗುವಿನ ಅಳು ಅಷ್ಟು ಚೆನ್ನಾಗಿ ಕೇಳಿದ್ದು ನನಗೆ ಅದೇ ಮೊದಲು.

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟು ಕರಕಾಗಿತ್ತು. ಯಾವ ದಿಕ್ಕಿಗೆ ಉಕ್ಕಿತು ಎಂದು ಯಾರೂ ನೋಡಲಿಲ್ಲ.

ಆಟೋದವನು ತಾಯಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಬ್ರೋಕರ್ ಅವರ ಹಿಂದೆ ಹೋಗಲಿಲ್ಲ. ಮೆಟ್ಟಿಲಿಳಿದು ನನ್ನ ಮನೆ ಬಾಗಿಲಿಗೆ ಬಂದು, "ಅಕ್ಕ, ಹಾರೆ ಕೊಡಿ" ಅಂದ. ಹಿತ್ತಿಲಲ್ಲಿದ್ದ ಹಾರೆ ತಂದುಕೊಟ್ಟೆ. ಮೇಲೆ ಹೋಗಿ ಬಕೆಟ್ ಬೋರಲು ಹಾಕಿ ಹತ್ತಿ ಆ ಸಿಮೆಂಟ್ ಶೀಟನ್ನು ಒಡೆಯತೊಡಗಿದ. ಮಾಲೀಕ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಗೋಗರೆದ. "ಅದು ನನ್ ಪ್ರಾಣ ಕಣೋ, ಒಡೀಬೇಡ್ವೋ" ಎಂದು ಎದೆ ಹಿಡಿದುಕೊಂಡು ಕೂತುಬಿಟ್ಟ. ಬ್ರೋಕರನ ಬಾಯಿ ಅವತ್ತೂ ತೆರೆಯಲಿಲ್ಲ. ಕೈ ತೆರೆಯಿತು ಅನ್ನಬೇಕು. ಚೂರುಗಳು ನಮ್ಮ ಹಿತ್ತಿಲಿಗೆ ಬಿದ್ದವು. ಒಳಗೆ ಬೆಳಕು ಬಂತು.

ನಾನು ಸ್ಟೇಷನ್ನಿಗೆ ಹೋಗಿ ಹೇಳಿಬಂದೆ. ಅವರು ಮಾಲೀಕನನ್ನು ಕರೆಸಿದರು. ಬಾಡಿಗೆಯವರಿಗೆ ಗೀಸರು ಉಪಯೋಗಿಸಲು ಬರುವುದಿಲ್ಲ ಸಾರ್, ಹೊರದೇಶದವರು, ಅಂದನಂತೆ. ಮುಂದೆ ಹುಷಾರು ಎಂದು ಕಳಿಸಿದರು.

ವಾರ ಕಳೆಯುವುದರೊಳಗೆ ಮಾಲೀಕರು ಒಬ್ಬೊಬ್ಬರಾಗಿ ಬ್ರೋಕರನ್ನು ಕರೆದು ಬೀಗದ ಕೈ ವಾಪಸ್ ಕೇಳಿದರು. ಕಾರಣ ಯಾರೂ ಹೇಳಲಿಲ್ಲ. ಮನೆ ಒಡೆಯುವವನ ಕೈಗೆ ಮನೆ ಬೀಗ ಯಾರು ಕೊಡುತ್ತಾರೆ. ಅವನು ಅವತ್ತು ಹೇಳಿದ್ದು ಸುಳ್ಳಾಗಿರಲಿಲ್ಲ. ಗೊಂಚಲು ಹೋಯಿತು. ಬಿಚ್ಚಿದ ಬಣ್ಣದ ದಾರಗಳನ್ನೆಲ್ಲ ತಂದು ನನ್ನ ಬುಟ್ಟಿಗೆ ಹಾಕಿ, ನಿಮ್ದು ನಿಮ್ಗೆ, ಅಂದ. ಕಾಫಿ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟ. ಆ ಹುಡುಗಿಯ ಹಸಿರು ಬಳೆ ಕಣ್ಮುಂದೆ ಬರುತ್ತವೆ ಅಕ್ಕ, ಎಂದ. ಬರಲಿ ಬಿಡು ಅಂದೆ. ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ.

ಆ ತಾಯಿ ಮಗಳಿಗೆ ಅವನು ಇನ್ನೊಂದು ಮನೆ ನೋಡಿಕೊಟ್ಟ. ಅದೇ ಅವನು ತೋರಿಸಿದ ಕೊನೆಯ ಮನೆ. ಶ್ರೀರಾಂಪುರದಲ್ಲಿ ತಾನಿದ್ದ ಮನೆಯ ಮೇಲೆಯೇ ಒಂದು ಕೋಣೆ, ಶೀಟಿನ ಮಾಡು, ಎರಡು ಕಡೆ ಕಿಟಕಿ. ತೋರಿಸುವ ದಿನ ನಾನೂ ಹೋಗಿದ್ದೆ. ಅಷ್ಟು ಹೊತ್ತಿಗೆ ಅವನೇ ತಲೆ ತಗ್ಗಿಸಿಕೊಂಡು ಅವಳಿಗೆ ತನ್ನ ಚಪ್ಪಲಿಯ ವಿಷಯ ಎಲ್ಲ ಹೇಳಿಕೊಂಡಿದ್ದ. ಅವಳು ಬೈಯಲಿಲ್ಲವಂತೆ. ಬಾಗಿಲು ತೆರೆದಾಗ ಅವಳು ಮನೆ ನೋಡಲಿಲ್ಲ. ಅವನ ಕಾಲು ನೋಡಿದಳು. ಅವನು ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತ. ಆಮೇಲೆ ಅವಳು ಮಗುವಿನ ಕೈ ಹಿಡಿದು ಒಳಗೆ ಕಾಲಿಟ್ಟಳು. ಈಗಲೂ ಅಲ್ಲೇ ಇದ್ದಾರೆ. ಮಗುವಿಗೆ ಕೆಲವು ಪದಗಳು ಬೇಗ ಬಾಯಿಗೆ ಬರುವುದಿಲ್ಲ, ಸ್ವಲ್ಪ ತಡೆದು ಮಾತಾಡುತ್ತದೆ. ಮೊದಲು ಹಾಗಿರಲಿಲ್ಲ.

ಈ ಬೇಸಿಗೆಯಲ್ಲಿ ಅವನು ನಿದ್ದೆಯಲ್ಲೇ ಹೋದ. ಆ ಹೆಂಗಸೇ ಕೆಳಗಿಳಿದು ನಾಡಿ ಹಿಡಿದು ನೋಡಿದ್ದು. ನಾನು ಹಾರ ತೆಗೆದುಕೊಂಡು ಹೋದೆ. ನನ್ನ ಬುಟ್ಟಿಯಲ್ಲಿ ಉಳಿದಿದ್ದ ಅವನ ಬಣ್ಣದ ದಾರಗಳಲ್ಲೇ ಕಟ್ಟಿದ್ದೆ. ಬಾಗಿಲ ಹೊರಗೆ ಅವನ ಚಪ್ಪಲಿ ಇದ್ದವು, ಹಿಮ್ಮಡಿ ಸವೆದು ಒಂದು ಕಡೆಗೆ ವಾಲಿದ್ದವು.

ಸುದ್ದಿ ತಿಳಿದ ಪಕ್ಕದ ಮನೆಯ ಮಾಲೀಕ ಬೆಳಗಿನ ವಾಕಿಂಗಿನಿಂದ ಬರುತ್ತಾ ನನ್ನ ಜಗಲಿಯ ಮುಂದೆ ನಿಂತ. ಅವನಿಗೆ ಈಗ ಆರೋಗ್ಯ ಚೆನ್ನಾಗಿದೆ, ಮುಖದಲ್ಲಿ ಕಳೆ ಬಂದಿದೆ.

"ನೋಡಿದ್ರಾ? ನೈಋತ್ಯ ಒಡೆದೋನೇ ಹೋದ. ನಾನ್ ಹೇಳಿದ್ರೆ ನಗ್ತಿದ್ರಿ."

ಅವನು ಶೀಟನ್ನು ಮತ್ತೆ ಹಾಕಿಸಿ ಬಹಳ ದಿನವಾಗಿತ್ತು. ಈ ಸಲ ಎರಡು ಪದರ. ಈಗ ಬ್ರೋಕರ್ ಬೇಕಿಲ್ಲ, ಫೋನಿನಲ್ಲಿ ಫೋಟೋ ಹಾಕುತ್ತಾನೆ. ಜನ ತಾವೇ ಬರುತ್ತಾರೆ, ಅವನೇ ಬೀಗ ತೆಗೆಯುತ್ತಾನೆ. ಚಪ್ಪಲಿ ಬಿಟ್ಟು ಎಲ್ಲರಿಗಿಂತ ಮೊದಲು ಒಳಗೆ ಹೋಗುತ್ತಾನೆ.

ಕಳೆದ ತಿಂಗಳು ಇಬ್ಬರು ಹುಡುಗಿಯರು ಬಂದರು. ಎಲ್ಲಿಯವರೋ, ಹಿಂದಿ ಮಾತಾಡುತ್ತಾರೆ. ಗೇಟಿನಲ್ಲೇ ತಡೆದು ನನಗೆ ಬರುವ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ, ಸತ್ತ ಹುಡುಗಿಯದ್ದು, ಮಗುವಿನದ್ದು, ಶೀಟಿನದ್ದು, ಒಂದನ್ನೂ ಬಿಡಲಿಲ್ಲ. ಅವರು ಮೇಲೆ ಹೋಗಿ ಬಂದು, ಅಂಕಲ್ ಹೇಳಿದರು ನಿಮಗೆ ವಯಸ್ಸಾಗಿದೆಯಂತೆ ಎಂದು ನನ್ನ ಕೆನ್ನೆ ಮುಟ್ಟಿ ನಕ್ಕು, ಒಂದು ಮೊಳ ಮಲ್ಲಿಗೆ ಕೊಂಡುಕೊಂಡರು. ಭಾನುವಾರ ಸಾಮಾನು ಬಂತು.

ಬೆಳಿಗ್ಗೆ ನಾನು ಹೂವಿಗೆ ಕೂತ ಹೊತ್ತಿಗೆ ಗೋಡೆಯಾಚೆ ಅದು ಹೊತ್ತಿಕೊಳ್ಳುತ್ತದೆ. ಭಗ್ ಎಂದು ಒಂದು ಸಲ, ಆಮೇಲೆ ಗುಂಯ್ ಎಂದು ಒಂದೇ ಸಮನೆ. ಹುಡುಗಿಯರಲ್ಲಿ ಒಬ್ಬಳು ಸ್ನಾನ ಮಾಡುವಾಗ ಹಾಡುತ್ತಾಳೆ, ಇನ್ನೊಬ್ಬಳು ಹಾಡುವುದಿಲ್ಲ. ಹಾಡದವಳದ್ದೇ ನನಗೆ ಕಷ್ಟ. ನೀರು ನಿಲ್ಲುವ ತನಕ ದಾರ ಎಳೆಯದೆ ಕೂತಿರುತ್ತೇನೆ. ಹಾರೆಯನ್ನು ಹಿತ್ತಿಲಿನಿಂದ ತಂದು ಮುಂಬಾಗಿಲ ಹಿಂದೆ ಒರಗಿಸಿದ್ದೇನೆ. ನಮ್ಮ ಜಗಲಿಯ ಮೇಲೆ ಯಾರೂ ಚಪ್ಪಲಿ ಹಾಕಿಕೊಂಡು ಕೂರುವುದಿಲ್ಲ. ನಾನು ಹಾಕಿಕೊಂಡೇ ಕೂರುತ್ತೇನೆ.